ಉಪ್ಪಿಲ್ಲದ ಗುರೆಳ್ಳು ಪುಡಿ

ದೇಶನೂರಿನ ಆ ಮನುಷ್ಯನನ್ನು ಅವನ ಹೆಂಡತಿ ಮೊದಲ ಸಲ ನನ್ನ ಬಳಿ ಕರೆತಂದಾಗ ಅವನ ಹೊಟ್ಟೆ ತುಂಬು ಬಸುರಿಯ ಹೊಟ್ಟೆಯಂತಿತ್ತು. ಕಾಲು ಬಾತಿದ್ದವು, ಕಣ್ಣು ಅರಿಶಿನ ಬಣ್ಣಕ್ಕೆ ತಿರುಗಿದ್ದವು. ಭತ್ತ ಕೊಯ್ಯುವ ಯಂತ್ರದ ಡ್ರೈವರ್ ಅವನು. ಸಿರುಗುಪ್ಪದ ಸುತ್ತಲಿನ ಗದ್ದೆಗಳಲ್ಲಿ ಸುಗ್ಗಿ ಶುರುವಾದರೆ ಯಂತ್ರದಿಂದ ಕೆಳಗಿಳಿಯಲು ಪುರುಸೊತ್ತಿಲ್ಲ, ಇಳಿದರೆ ಬಾಟಲಿ. ಎಷ್ಟು ಕುಡೀತೀಯಪ್ಪ ಎಂದು ಕೇಳಿದರೆ ಎಲ್ಲರೂ ಹೇಳುವಂತೆ ‘ಸ್ವಲ್ಪ’ ಎಂದ. ನನ್ನ ವೃತ್ತಿಯಲ್ಲಿ ಈ ‘ಸ್ವಲ್ಪ’ವನ್ನು ಮೂರರಿಂದ ಗುಣಿಸುವುದು ರೂಢಿ. ಅವನ ಹೆಂಡತಿಯ ಮುಖ ನೋಡಿ ಐದರಿಂದ ಗುಣಿಸಿದೆ.

ನಾನು ಬಳ್ಳಾರಿಯ ಕಂಟೋನ್ಮೆಂಟ್ ಬದಿಯ ಒಂದು ಸಣ್ಣ ನರ್ಸಿಂಗ್ ಹೋಮಿನಲ್ಲಿ ಹೊಟ್ಟೆ, ಲಿವರ್ ಕಾಯಿಲೆ ನೋಡುವ ಡಾಕ್ಟರು. ಬಾಯಿ ಜೋರು ಎಂಬ ಹೆಸರಿದೆ, ಸುಳ್ಳಲ್ಲ. ಅವತ್ತು ಗಂಡ ಹೆಂಡತಿ ಇಬ್ಬರನ್ನೂ ಎದುರಿಗೆ ಕೂರಿಸಿಕೊಂಡು ಇದ್ದದ್ದನ್ನು ಇದ್ದಂತೆ ಹೇಳಿದೆ. ಲಿವರಿನ ದೊಡ್ಡ ಭಾಗ ಸುಟ್ಟ ಗಾಯದ ಕಲೆಯ ಹಾಗೆ ಗಟ್ಟಿಯಾಗಿದೆ, ಅದು ಮತ್ತೆ ಮೆತ್ತಗಾಗುವುದಿಲ್ಲ. ಉಳಿದಿರುವಷ್ಟನ್ನು ಅದರ ಪಾಡಿಗೆ ಬಿಟ್ಟರೆ ಅದೇ ಸಂಸಾರ ತೂಗಿಸಿಕೊಂಡು ಹೋಗುತ್ತದೆ. ಕುಡಿತ ಬಿಡುವುದೆಂದರೆ ಪೂರ್ತಿ ಬಿಡುವುದು, ಮದುವೆಗೂ ಇಲ್ಲ, ಮಣ್ಣಿಗೂ ಇಲ್ಲ. ಬಿಡದಿದ್ದರೆ ಮುಂದಿನ ಸುಗ್ಗಿಗೆ ಆ ಯಂತ್ರವನ್ನು ಬೇರೆ ಯಾರೋ ಓಡಿಸುತ್ತಾರೆ ಎಂದೆ.

ಮೊದಲ ವಾರ ಕಷ್ಟದ್ದು. ಕುಡಿತ ನಿಂತ ಕೂಡಲೇ ಕೈ ನಡುಗಲು ಶುರುವಾಯಿತು, ಹಾಸಿಗೆಯ ಮೇಲೆ ಇಲ್ಲದ ಇರುವೆಗಳನ್ನು ಒರೆಸಿ ಒರೆಸಿ ಹಾಕಿದ. ಅದು ಹತೋಟಿಗೆ ಬಂದ ಮೇಲೆ ಹೊಟ್ಟೆಗೆ ಸೂಜಿ ಹಾಕಿ ನೀರು ತೆಗೆದೆವು. ಬಾಯಿಯಿಂದ ಕೊಳವೆ ಇಳಿಸಿ ನೋಡಿದರೆ ಅನ್ನನಾಳದ ರಕ್ತನಾಳಗಳು ಉಬ್ಬಿ ನಿಂತಿದ್ದವು, ಯಾವಾಗ ಬೇಕಾದರೂ ಒಡೆಯಬಹುದಿತ್ತು. ಅವುಗಳಿಗೆ ರಬ್ಬರ್ ಬ್ಯಾಂಡ್ ಹಾಕಿ ಕಟ್ಟಿದೆ. ನೀರು ಇಳಿಸುವ ಮಾತ್ರೆ, ಮಲ ಸಡಿಲ ಮಾಡುವ ಸಿರಪ್ಪು, ಮಲಗುವ ಮುಂಚೆ ತಪ್ಪದೇ ಏನಾದರೂ ತಿನ್ನುವುದು, ಉಪ್ಪು ತೀರಾ ಕಡಿಮೆ. ಇಷ್ಟರಲ್ಲಿ ಅವನಿಗೆ ಅತಿ ದೊಡ್ಡ ಶಿಕ್ಷೆಯಾಗಿ ಕಂಡದ್ದು ಉಪ್ಪು. ಸಪ್ಪೆ ಬೇಳೆ ನೋಡಿ ಮುಖ ತಿರುಗಿಸುತ್ತಿದ್ದ. ನಾನೇ ಅವನ ಹೆಂಡತಿಗೆ ಹೇಳಿದೆ, ಉಪ್ಪು ಹಾಕದೆ ಗುರೆಳ್ಳು ಪುಡಿ ಮಾಡು, ಬೆಳ್ಳುಳ್ಳಿ, ಹುಣಸೆಹಣ್ಣು ಸ್ವಲ್ಪ ಜಾಸ್ತಿಯೇ ಹಾಕು, ರೊಟ್ಟಿಗೆ ಹಚ್ಚಿಕೊಂಡು ತಿನ್ನಲಿ. ಆಕೆಗೆ ಅದೊಂದು ದಾರಿ ಸಿಕ್ಕಂತಾಯಿತು.

ಔಷಧಿಯಿಂದ ಹೊಟ್ಟೆಯ ನೀರು ಇಳಿಸಬಹುದು, ಆಸೆಯನ್ನಲ್ಲ. ಅದಕ್ಕೆ ನಮ್ಮಲ್ಲಿ ಮೇಷ್ಟ್ರಿದ್ದರು. ಕುರುಗೋಡಿನವರು, ಶಾಲೆಯಿಂದ ನಿವೃತ್ತರಾದವರು, ಒಂದು ಕಾಲದಲ್ಲಿ ತಾವೂ ಕಂಠಪೂರ್ತಿ ಕುಡಿಯುತ್ತಿದ್ದವರು. ಪ್ರತಿ ಮಂಗಳವಾರ ನರ್ಸಿಂಗ್ ಹೋಮಿನ ಮಹಡಿಯ ಮೇಲೆ, ಕುಡಿತ ಬಿಟ್ಟವರ ಸಭೆ ನಡೆಸುತ್ತಿದ್ದರು. ಉಸಿರಿನಲ್ಲಿ ಮದ್ಯವಿದೆಯೇ ಎಂದು ತೋರಿಸುವ, ಊದುವ ಮೀಟರು ಅವರ ಕೈಯಲ್ಲಿರುತ್ತಿತ್ತು. ಒಬ್ಬೊಬ್ಬರೂ ಊದಿ, ಸೊನ್ನೆ ಬಂದ ಮೇಲೆ ಕೂರಬೇಕು. ಆಮೇಲೆ ಮೇಷ್ಟ್ರು ಮಾತು ಶುರು ಮಾಡುವರು. ನಿಮ್ಮನ್ನು ಊರು ನಂಬದಿರಬಹುದು, ಮನೆ ನಂಬದಿರಬಹುದು, ನಾನು ನಂಬುತ್ತೇನೆ, ಯಾಕೆಂದರೆ ನಾನೂ ನನ್ನ ಮನಸ್ಸಿನ ಬಲದಿಂದಲೇ ಬಿಟ್ಟವನು ಎನ್ನುತ್ತಿದ್ದರು. ಮೆಟ್ಟಿಲ ಬಳಿ ನಿಂತು ಕೇಳಿಸಿಕೊಂಡಾಗೆಲ್ಲ ನನಗೇ ಧೈರ್ಯ ಬರುತ್ತಿತ್ತು. ಸಭೆ ಮುಗಿದ ಮೇಲೆ ನಾವಿಬ್ಬರೂ ನನ್ನ ಕೋಣೆಯಲ್ಲಿ ಊಟಕ್ಕೆ ಕೂರುತ್ತಿದ್ದೆವು. ಅವರ ಡಬ್ಬಿಗೆ ನಾನು ಕೇಳದೇ ಕೈ ಹಾಕುತ್ತಿದ್ದೆ. ನನ್ನ ಅಣ್ಣನ ಡಬ್ಬಿಗೂ ಅಷ್ಟು ಸಲಿಗೆಯಿಂದ ಕೈ ಹಾಕಿದವಳಲ್ಲ.

ದೇಶನೂರಿನವನು ಒಂದು ಮಂಗಳವಾರವನ್ನೂ ತಪ್ಪಿಸಲಿಲ್ಲ. ಹೆಂಡತಿಯನ್ನು ಕರೆದುಕೊಂಡು ಸಿರುಗುಪ್ಪಕ್ಕೆ ಬಂದು, ಅಲ್ಲಿಂದ ಬಳ್ಳಾರಿ ಬಸ್ಸು ಹಿಡಿದು, ಎಲ್ಲರಿಗಿಂತ ಮೊದಲೇ ಬಂದು ಮೂಲೆಯಲ್ಲಿ ಕೂರುತ್ತಿದ್ದ. ಅವನು ಮೇಲಿದ್ದಷ್ಟು ಹೊತ್ತು ಆಕೆ ಕೆಳಗೆ ಉಳಿದ ಹೆಂಗಸರ ಜೊತೆ ಕಾಯುತ್ತಿದ್ದಳು. ಸುಗ್ಗಿ ಮುಗಿದ ದಿನ ಯಂತ್ರದ ಮಾಲೀಕ ಎಲ್ಲರಿಗೂ ಕುಡಿಸುವುದು ಅಲ್ಲಿನ ಪದ್ಧತಿ. ಇವನು ಮಜ್ಜಿಗೆ ಕುಡಿದನಂತೆ. ಜೊತೆಯವರು ಹಾಲು ಬೇಕೇನೋ ಕೂಸೇ ಎಂದು ಕಾಡಿದರಂತೆ. ಸಭೆಯಲ್ಲಿ ಅದನ್ನು ಹೇಳುವಾಗ ಅವನೂ ನಕ್ಕ. ಹೊಟ್ಟೆ ಇಳಿದು ಪ್ಯಾಂಟಿಗೆ ಬೆಲ್ಟು ಬಂದಿತ್ತು, ಕಣ್ಣಿನ ಹಳದಿ ಹೋಗಿತ್ತು. ರಕ್ತದ ವರದಿಗಳು ಒಂದಕ್ಕಿಂತ ಒಂದು ಚೆನ್ನಾಗಿದ್ದವು. ಹೊಸದಾಗಿ ಬಂದವರಿಗೆ ಅವನನ್ನು ತೋರಿಸಿ, ನೋಡಿ, ಇವನಿಗಾದರೆ ನಿಮಗೆ ಯಾಕಾಗಲ್ಲ ಎಂದು ನಾನು ಜಂಬ ಕೊಚ್ಚಿಕೊಳ್ಳುತ್ತಿದ್ದೆ.

ಮುಂದೆ ಕೆಲವು ತಿಂಗಳಲ್ಲೇ ಕಣ್ಣು ಮತ್ತೆ ಹಳದಿಯಾಯಿತು. ಊಟ ಸೇರದು, ಮೈಯೆಲ್ಲ ತುರಿಕೆ, ಸುಸ್ತು. ಅಡ್ಮಿಟ್ ಮಾಡಿಕೊಂಡೆ. ನರ್ಸುಗಳು ಪರಸ್ಪರ ಮುಖ ನೋಡಿಕೊಂಡರು. ಆ ನೋಟದ ಅರ್ಥ ಎಲ್ಲ ಕುಡುಕರ ವಾರ್ಡುಗಳಲ್ಲೂ ಒಂದೇ.

ಆದರೆ ವರದಿ ಆ ಮಾತು ಹೇಳುತ್ತಿರಲಿಲ್ಲ. ಲಿವರಿಗೆ ಪೆಟ್ಟಾದಾಗ ರಕ್ತದಲ್ಲಿ ಎರಡು ಕಿಣ್ವಗಳು ಏರುತ್ತವೆ, ಲ್ಯಾಬಿನವರು ಓಟಿ, ಪೀಟಿ ಎನ್ನುತ್ತಾರೆ. ಕುಡಿತದ ಪೆಟ್ಟಾದರೆ ಸಾಮಾನ್ಯವಾಗಿ ಓಟಿ ಮುಂದೆ, ಪೀಟಿ ಹಿಂದೆ, ಎರಡೂ ಒಂದು ಮಿತಿಯೊಳಗೆ. ಇವನಲ್ಲಿ ಪೀಟಿ ಮುಂದೆ ಓಡಿತ್ತು, ಅದೂ ಕುಡಿತದಿಂದ ಅಷ್ಟು ಏರುವುದು ಅಪರೂಪ ಎನ್ನುವಷ್ಟು. ಊದುವ ಮೀಟರು ಪ್ರತಿ ಸಲ ಸೊನ್ನೆ. ಕಾಮಾಲೆಯ ವೈರಸ್ಸುಗಳನ್ನೆಲ್ಲ ಪರೀಕ್ಷೆ ಮಾಡಿಸಿದೆ, ಒಂದೂ ಇಲ್ಲ. ಸ್ಕ್ಯಾನಿಂಗಿನಲ್ಲಿ ಪಿತ್ತನಾಳ ಸರಿಯಾಗಿತ್ತು, ಗಂಟಿಲ್ಲ, ಕಲ್ಲಿಲ್ಲ. ಇನ್ನು ಉಳಿದದ್ದು ಔಷಧಿ. ಕಾಮಾಲೆಗೆ ಸೊಪ್ಪಿನ ರಸ ಕುಡಿಸುವುದು, ಕೈಗೆ ಚುಟುಕೆಯ ಬರೆ ಹಾಕಿಸುವುದು ನಮ್ಮ ಕಡೆ ಇದ್ದದ್ದೇ. ನಾಟಿ ಔಷಧಿ ಏನಾದರೂ ಕೊಟ್ಟೆಯಾ ಎಂದು ಹೆಂಡತಿಯನ್ನು ಕೇಳಿದೆ, ಗದರಿಸಿಯೂ ಕೇಳಿದೆ.

“ಇಲ್ರಿ ಡಾಕ್ಟರಮ್ಮ. ನಿಮ್ಮ ಔಷಧ ಬಿಟ್ರ ಬ್ಯಾರೆ ಏನೂ ಕೊಟ್ಟಿಲ್ರಿ,” ಎಂದಳು. ಕಣ್ಣಿಗೆ ಕಣ್ಣಿಟ್ಟು ಹೇಳಿದಳು. ಸುಳ್ಳು ಹೇಳುವವರನ್ನು ನಾನು ಸಾಕಷ್ಟು ನೋಡಿದ್ದೇನೆ. ಆಕೆ ಸುಳ್ಳು ಹೇಳುತ್ತಿರಲಿಲ್ಲ.

ಮೇಷ್ಟ್ರನ್ನು ಕರೆದು ವಾರ್ಡಿಗೆ ಹೋಗಿ ಅವನ ಜೊತೆ ಮಾತಾಡಿ ಬನ್ನಿ ಎಂದೆ. ಅರ್ಧ ಗಂಟೆ ಕೂತು ಬಂದರು. ನನ್ನ ಕೋಣೆಯ ಬಾಗಿಲು ಮುಂದೆ ಮಾಡಿಕೊಂಡು, ಕುಡಿದಿದ್ದಾನೆ ಮೇಡಂ, ನನಗೆ ವಾಸನೆ ಬೇಕಿಲ್ಲ, ಕಣ್ಣು ನೋಡಿದರೆ ಸಾಕು ಎಂದರು. ಮೀಟರು ಸೊನ್ನೆ ತೋರಿಸುತ್ತದಲ್ಲ ಎಂದೆ. ಮೀಟರಿಗೆ ಏನು ಗೊತ್ತು, ಬುಧವಾರ ಕುಡಿದರೆ ಮಂಗಳವಾರ ಸೊನ್ನೆಯೇ ಬರುತ್ತದೆ ಎಂದರು. ಮಾತಿನಲ್ಲಿ ತಪ್ಪಿರಲಿಲ್ಲ. ಆದರೂ ಸಮಾಧಾನವಾಗಲಿಲ್ಲ.

ಅವರು ವಾರ್ಡಿನಲ್ಲೂ ಅದನ್ನೇ ಹೇಳಿ ಬಂದಿದ್ದರು. ಸಂಜೆ ರೌಂಡ್ಸಿಗೆ ಹೋದಾಗ ಅವನು ಗೋಡೆಯ ಕಡೆ ತಿರುಗಿ ಮಲಗಿದ್ದ. ಹೆಂಡತಿ ಕಾಲ ಬಳಿ ಕೂತು ಕಣ್ಣೊರೆಸಿಕೊಳ್ಳುತ್ತಿದ್ದಳು. ನಾಲಿಗೆ ನೋಡಲು ತಿರುಗು ಎಂದೆ. ತಿರುಗಲಿಲ್ಲ.

“ನೀವೂ ಹಂಗ ಅಂತೀರೇನ್ರಿ?” ಎಂದು ಗೋಡೆಗೇ ಕೇಳಿದ.

ನಿನ್ನ ರಕ್ತ ಹಾಗೆ ಹೇಳುತ್ತಿಲ್ಲ, ನನಗೆ ರಕ್ತದ ಮಾತು ಸಾಕು ಎಂದೆ. ಆಗ ತಿರುಗಿದ.

ವಾರ್ಡಿನಲ್ಲಿ ಇಟ್ಟುಕೊಂಡರೆ ಇಳಿಯಬೇಕಿತ್ತು. ಅನುಮಾನವಿದ್ದ ಮಾತ್ರೆಗಳನ್ನೆಲ್ಲ ನಿಲ್ಲಿಸಿದ್ದೆ. ಬಾಗಿಲಲ್ಲಿ ಕಾವಲು, ಹೊರಗಿನವರು ಯಾರೂ ಬರುವಂತಿಲ್ಲ. ಆದರೂ ಪ್ರತಿ ವರದಿಯಲ್ಲೂ ಕಣ್ಣನ್ನು ಹಳದಿ ಮಾಡುವ ಬಿಲಿರುಬಿನ್ ಏರುತ್ತಲೇ ಇತ್ತು. ರಕ್ತ ಹೆಪ್ಪುಗಟ್ಟುವ ವೇಗ ಕುಂಠಿತವಾಗತೊಡಗಿತು. ಅದು ಲಿವರ್ ಸೋಲುತ್ತಿರುವ ಲಕ್ಷಣ. ಒಂದು ಬೆಳಿಗ್ಗೆ ತನ್ನ ಊರ ಹೆಸರು ಹೇಳಲು ತಡವರಿಸಿದ. ಇನ್ನು ಸ್ವಲ್ಪ ಜಾರಿದರೆ ಬೆಂಗಳೂರಿಗೆ ಕಳಿಸಬೇಕು, ಅಲ್ಲಿ ಲಿವರ್ ಬದಲಿಸುವ ಮಾತು ಬರುತ್ತದೆ, ಆ ಮಾತು ಈ ಮನೆಯವರ ಪಾಲಿಗೆ ಸಾವಿನ ಇನ್ನೊಂದು ಹೆಸರು. ನನಗೆ ಹೆದರಿಕೆಯಾಯಿತು.

ನಮ್ಮ ಕಣ್ಣೆದುರೇ ಇರುವ ಮನುಷ್ಯನೊಳಗೆ ವಿಷ ಯಾವ ಬಾಗಿಲಿಂದ ಹೋಗುತ್ತಿದೆ ಎಂದು ಒಂದೊಂದನ್ನೇ ಅಳಿಸುತ್ತಾ ಬಂದೆ. ಗ್ಲೂಕೋಸು ನಮ್ಮದು, ಮಾತ್ರೆ ನಮ್ಮದು, ನೀರು ನಮ್ಮದು. ಊಟ ಮಾತ್ರ ಮನೆಯದು. ಹೆಂಡತಿಯ ಅಕ್ಕ ರೂಪನಗುಡಿಯಲ್ಲಿದ್ದಳು. ಹೆಂಡತಿ ಬೆಳಿಗ್ಗೆ ಅಲ್ಲಿಗೆ ಹೋಗಿ ನಾನು ಹೇಳಿದಂತೆ ಉಪ್ಪು ಕಡಿಮೆ ಮಾಡಿ ಅಡಿಗೆ ಮಾಡಿ, ಡಬ್ಬಿ ಕಟ್ಟಿಕೊಂಡು ಬಸ್ಸಿನಲ್ಲಿ ಬರುತ್ತಿದ್ದಳು. ಪಥ್ಯವನ್ನು ಇಷ್ಟು ನಿಷ್ಠೆಯಿಂದ ಮಾಡುವವರು ಕಡಿಮೆ ಎಂದು ನಾನು ಆಕೆಯನ್ನು ಬೇರೆಯವರ ಮುಂದೆ ಹೊಗಳಿದ್ದೆ. ಅವತ್ತು ಮನೆಯ ಡಬ್ಬಿ ಬಂದ್ ಮಾಡಿಸಿದೆ. ನರ್ಸಿಂಗ್ ಹೋಮಿನ ಕ್ಯಾಂಟೀನಿನ ಸಪ್ಪೆ ಅನ್ನ, ಬೇಳೆ, ಬೇಯಿಸಿದ ಮೊಟ್ಟೆಯ ಬಿಳಿ ಭಾಗ, ಇಷ್ಟೇ. ಆಕೆ ತುಂಬಾ ನೊಂದುಕೊಂಡಳು. ನನ್ನ ಕೈಯ ರೊಟ್ಟಿಯೂ ಬೇಡವಾಯಿತೇ ಎಂದು ನರ್ಸಮ್ಮನ ಮುಂದೆ ಅತ್ತಳಂತೆ.

ಏರುತ್ತಿದ್ದದ್ದು ನಿಂತಿತು. ಮುಂದಿನ ವರದಿಯಲ್ಲಿ ಪೀಟಿ ಅರ್ಧಕ್ಕೆ ಇಳಿದಿತ್ತು. ಅವನು ತನ್ನ ಊರ ಹೆಸರನ್ನಷ್ಟೇ ಅಲ್ಲ, ಯಂತ್ರದ ಮಾಲೀಕನಿಗೆ ಬೈಗುಳವನ್ನೂ ಸರಿಯಾಗಿ ಹೇಳತೊಡಗಿದ. ವರದಿ ಹಿಡಿದುಕೊಂಡು ನಾನು ಖುಷಿಪಡಬೇಕೋ ಬೇಡವೋ ತಿಳಿಯದೆ ಕೂತೆ.

ಹೆಂಡತಿಯನ್ನು ಕೋಣೆಗೆ ಕರೆಸಿದೆ. ನಾಳೆ ಹಳೆಯ ಡಬ್ಬಿಯನ್ನೇ, ಹಿಂದೆ ತರುತ್ತಿದ್ದಂತೆಯೇ ಕಟ್ಟಿಕೊಂಡು ಬಾ ಎಂದೆ. ಮುಖ ಅರಳಿಸಿಕೊಂಡು ಹೋದಳು. ಮರುದಿನ ತಂದು ನನ್ನ ಮೇಜಿನ ಮೇಲೆ ಬಿಚ್ಚಿದಳು. ಜೋಳದ ರೊಟ್ಟಿ, ಬೇಳೆ, ಹೀರೇಕಾಯಿ ಪಲ್ಯ, ಒಂದು ಸಣ್ಣ ಸ್ಟೀಲಿನ ಡಬ್ಬಿಯಲ್ಲಿ ಕಪ್ಪನೆಯ ಗುರೆಳ್ಳು ಪುಡಿ. ನಾನು ಒಂದು ಚೂರು ರೊಟ್ಟಿ ಮುರಿದು ಬೇಳೆಗೆ ಅದ್ದಿ ತಿಂದೆ. ಆಕೆ ನಗುತ್ತಾ ನೋಡಿದಳು. ಪಲ್ಯ ತಿಂದೆ, ನೋಡಿದಳು. ಇನ್ನೊಂದು ಚೂರನ್ನು ಪುಡಿಗೆ ಒತ್ತಿ ಬಾಯಿಯ ಹತ್ತಿರ ತಂದೆ. ಆಕೆ ಎದ್ದು ನನ್ನ ಮಣಿಕಟ್ಟು ಹಿಡಿದುಕೊಂಡಳು.

“ಬ್ಯಾಡ್ರಿ ಡಾಕ್ಟರಮ್ಮ. ಅದು ನಿಮಗಲ್ರಿ.”

“ಮತ್ತ್ಯಾರಿಗೆ?”

“ಕುಡಿಯೋರಿಗೆ.”

ನಿನ್ನ ಗಂಡ ಈಗ ಕುಡಿಯುತ್ತಾನೇನು ಎಂದು ಕೇಳಿದೆ. ಇಲ್ಲ ಎಂದಳು. ಹಾಗಾದರೆ ಇದು ಯಾಕೆ ಎಂದೆ. ಆಕೆಗೆ ನನ್ನ ಪ್ರಶ್ನೆಯೇ ಅರ್ಥವಾಗಲಿಲ್ಲ.

“ನೀವ ಕೊಟ್ಟಿದ್ದಲ್ಲೇನ್ರಿ ಅದು? ಮೇಷ್ಟ್ರು ನಿಮ್ಮ ಹೆಸರು ಹೇಳಿ ಕೊಟ್ಟಾರ. ಗಂಡಗ ಗೊತ್ತಾಗಬಾರದು, ಡಾಕ್ಟರಮ್ಮ ಗುಟ್ಟಾಗಿ ಕೊಡತಾರ, ಅವರ ಮುಂದ ಬಾಯಿ ಬಿಡಬ್ಯಾಡ ಅಂದಾರ್ರಿ.”

‘ನಿಮ್ಮ ಔಷಧ ಬಿಟ್ರ ಬ್ಯಾರೆ ಏನೂ ಕೊಟ್ಟಿಲ್ರಿ’ ಎಂದು ಆಕೆ ಹೇಳಿದ್ದು ಅಕ್ಷರಶಃ ನಿಜ. ನನ್ನ ಔಷಧಿಯೆಂದೇ ನಂಬಿ, ನನ್ನದೇ ಸಲಹೆಯ ಗುರೆಳ್ಳು ಪುಡಿಯಲ್ಲಿ ಬೆರೆಸಿ, ದಿನಾ ಗಂಡನ ರೊಟ್ಟಿಗೆ ಹಚ್ಚಿದ್ದಳು. ಗಂಡ ಉಂಡ ಮೇಲೆ ತಾನು ಉಣ್ಣುವುದು ಅವರ ಮನೆಯ ಪದ್ಧತಿ, ತನಗೆ ಬೇರೆ, ಆಕೆಗೆ ಬೇರೆ ಪುಡಿ ಇದೆ ಎಂದು ಅವನಿಗೆ ಗೊತ್ತಾಗುವ ಸಂದರ್ಭವೇ ಇರಲಿಲ್ಲ. ಶುರು ಮಾಡಿದ್ದು ಯಾವಾಗ ಎಂದು ಕೇಳಿದೆ. ಸುಗ್ಗಿ ಮುಗಿದ ಮೇಲೆ ಎಂದಳು. ಅಷ್ಟೊತ್ತಿಗೆ ಅವನು ಕುಡಿತ ಬಿಟ್ಟು ಬಹಳ ದಿನವಾಗಿತ್ತು.

ಆಕೆ ತಂದುಕೊಟ್ಟ ಪೊಟ್ಟಣದ ಮೇಲೆ ಹೆಸರಿಲ್ಲ, ಏನೂ ಇಲ್ಲ. ಕುಡಿಯುವವರಿಗೆ ತಿಳಿಯದಂತೆ ಕುಡಿತ ಬಿಡಿಸುವ ಪುಡಿ ಎಂದು ಗೋಡೆಗಳ ಮೇಲೆ ಬರೆದಿರುತ್ತಾರಲ್ಲ, ಆ ಜಾತಿಯದು. ಅದರಲ್ಲಿ ಏನಿತ್ತೆಂದು ಖಚಿತವಾಗಿ ಹೇಳಲಾರೆ. ಕುಡಿದರೆ ವಾಂತಿ, ಎದೆಬಡಿತ ತರಿಸುವ ಒಂದು ಮಾತ್ರೆ ನಮ್ಮ ವೈದ್ಯದಲ್ಲೂ ಇದೆ. ರೋಗಿ ಒಪ್ಪಿದರೆ ಮಾತ್ರ ಕೊಡಬೇಕಾದ್ದು, ಲಿವರ್ ಕೆಟ್ಟವನಿಗೆ ಕೊಡಲೇಬಾರದ್ದು. ಅದನ್ನೇ ಅರೆದು ಬೆರೆಸಿದ್ದರೆಂದು ನನ್ನ ಅನುಮಾನ.

ಅವನಿಗೆ ನಾನೇ ಹೇಳಿದೆ. ಹೆಂಡತಿಯ ಎದುರಿಗೇ, ನಿಧಾನವಾಗಿ ಹೇಳಿದೆ. ಕೂಗಾಡುತ್ತಾನೆ ಎಂದುಕೊಂಡಿದ್ದೆ. ಕೂಗಾಡಲಿಲ್ಲ. ಹೆಂಡತಿ ಅಳುತ್ತಾ, ಏನಾದರಾಗಲಿ ಕುಡಿತ ಬಿಟ್ಟಿರಲ್ಲ, ಆ ಪುಡಿಯಿಂದಲೇ ಬಿಟ್ಟಿರಿ ಎಂದುಬಿಟ್ಟಳು. ಆ ಮಾತು ಆಡಬಾರದಿತ್ತು. ಅವನು ಆಕೆಯನ್ನು ನೋಡಿದ, ಆಮೇಲೆ ನನ್ನನ್ನು.

“ಹಂಗಾರ ನಾ ಬಿಟ್ಟಿದ್ದಲ್ಲೇನ್ರಿ?”

ಲಿವರ್ ಕೆಟ್ಟದ್ದಕ್ಕಿಂತ ದೊಡ್ಡದೊಂದು ಅಲ್ಲಿ ಕೆಡುತ್ತಿತ್ತು. ಆ ಮನುಷ್ಯನ ಬದುಕಿನಲ್ಲಿ ತಾನಾಗಿ ಗೆದ್ದದ್ದು ಅದೊಂದೇ, ಅದನ್ನೂ ಪೊಟ್ಟಣದ ಲೆಕ್ಕಕ್ಕೆ ಬರೆದರೆ ಅವನು ಗೇಟು ದಾಟಿ ನೆಟ್ಟಗೆ ಅಂಗಡಿಗೆ ಹೋಗುತ್ತಾನೆ, ಹೋದರೆ ಬದುಕುವುದಿಲ್ಲ. ನಾನು ಮಂಚದ ಪಕ್ಕ ಕೂತೆ. ನೋಡಪ್ಪ ಎಂದೆ, ಈ ತರಹದ ಪುಡಿ ಆಸೆಯನ್ನು ತೆಗೆಯುವುದಿಲ್ಲ, ಕುಡಿದರೆ ಮಾತ್ರ ಹೊಟ್ಟೆ ತೊಳಸಿ ವಾಂತಿ ಮಾಡಿಸುತ್ತದೆ. ಇಷ್ಟು ತಿಂಗಳು ದಿನಾ ತಿಂದಿದ್ದೀಯ, ಒಂದು ಸಲವಾದರೂ ಹಾಗಾಯಿತೇ? ಇಲ್ಲ ಎಂದ. ಯಾಕಾಗಲಿಲ್ಲ, ನೀನೇ ಹೇಳು ಎಂದೆ.

“ಕುಡಿದಿಲ್ಲಲ್ರಿ, ಅದಕ್ಕ,” ಎಂದ.

ಹಾಂ, ನೀನು ಬಿಟ್ಟದ್ದು ಪುಡಿ ಬರುವ ಮೊದಲು, ಪುಡಿ ಬಂದ ಮೇಲೂ ಮುಟ್ಟಿಲ್ಲ ಎಂಬುದಕ್ಕೆ ಆ ದರಿದ್ರ ಪುಡಿಯೇ ಸಾಕ್ಷಿ ಎಂದೆ. ಅವನು ತಲೆಯಾಡಿಸಿದ. ಆದರೆ ನರ್ಸಮ್ಮ ಮಾತ್ರೆ ತಂದಾಗ ಅಂಗೈಯಲ್ಲಿದ್ದದ್ದನ್ನು ವಾಪಸ್ ಕೊಟ್ಟು, ತನ್ನ ಕಣ್ಣೆದುರಿಗೇ ಸ್ಟ್ರಿಪ್ಪಿನಿಂದ ಬಿಡಿಸಿ ಕೊಡಿ ಎಂದ. ಬೇಜಾರು ಮಾಡಿಕೊಳ್ಳಲು ನನಗೆ ಹಕ್ಕಿರಲಿಲ್ಲ. ಅವನಿಗೆ ವಿಷ ಹೋಗಿದ್ದು ನನ್ನ ಹೆಸರಿನಲ್ಲಿ.

ಆ ಭಾನುವಾರ ಕುರುಗೋಡಿಗೆ ಹೋದೆ. ಮೇಷ್ಟ್ರು ಮನೆಯ ಕಟ್ಟೆಯ ಮೇಲೆ ಪೇಪರು ಓದುತ್ತಾ ಕೂತಿದ್ದರು, ಹಿಂದೆ ಗುಡ್ಡದ ಬಂಡೆಗಳು ಬಿಸಿಲಿಗೆ ಕಾಯುತ್ತಿದ್ದವು. ನನ್ನನ್ನು ನೋಡಿ ಸಂತೋಷದಿಂದ ಎದ್ದರು, ಊಟ ಮಾಡಿಕೊಂಡೇ ಹೋಗಬೇಕು ಎಂದರು. ನಾನು ಪೊಟ್ಟಣವನ್ನು ಪೇಪರಿನ ಮೇಲಿಟ್ಟೆ. ಅವರು ಅದನ್ನು ನೋಡಿದರು. ಇದು ಏನೆಂದು ಕೇಳಲಿಲ್ಲ.

ಎಷ್ಟು ಮನೆಗಳಿಗೆ ಕೊಟ್ಟಿದ್ದೀರಿ ಎಂದೆ. ಕೇಳಿದವರಿಗೆಲ್ಲ ಕೊಟ್ಟಿದ್ದೇನೆ ಎಂದರು. ಮೇಲೆ ಗಂಡಂದಿರ ಸಭೆ ನಡೆಸಿ ಮೆಟ್ಟಿಲಿಳಿದು ಬಂದು, ಕೆಳಗೆ ಕಾಯುತ್ತಿದ್ದ ಹೆಂಡತಿಯರ ಕೈಗೆ ಪೊಟ್ಟಣ ಕೊಟ್ಟಿದ್ದಾರೆ. ನಾನು ನಿಮ್ಮನ್ನು ನಂಬುತ್ತೇನೆ ಎಂದು ಮೇಲೆ ಹೇಳಿದ ಬಾಯಿಯೇ ಕೆಳಗೆ ಬಂದು, ಅವನನ್ನು ನಂಬಬೇಡ ಎಂದಿದೆ.

“ಕುಡುಕನ ಮಾತು ನಾ ನಂಬಂಗಿಲ್ಲ ಮೇಡಂ,” ಎಂದರು, ಶಾಂತವಾಗಿ. “ನನ್ನ ಮಾತೂ ನಾ ನಂಬಂಗಿಲ್ಲ. ನಾ ಬಿಟ್ಟು ಎಷ್ಟೋ ವರ್ಷ ಆದಮ್ಯಾಲ ನಮ್ಮಾಕಿ ಹೇಳಿದ್ಳು, ಊಟದಾಗ ಇದನ್ನ ಹಾಕ್ತಿದ್ಳಂತ. ನಾ ಮನಸಿನ ಬಲ ಅಂತ ಊರೆಲ್ಲ ಭಾಷಣ ಮಾಡೀನಿ. ಪುಡಿನ ಬಿಡಿಸಿದ್ದು ಮೇಡಂ, ಮನಸಲ್ಲ.”

ಒಂದು ಕ್ಷಣ ಅವರ ಮೇಲೆ ಮರುಕ ಬಂತು. ಅವರ ಗೆಲುವನ್ನೂ ಯಾರೋ ಹಾಗೆಯೇ ಕಿತ್ತುಕೊಂಡಿದ್ದರು. ಆದರೆ ನಾನು ಬಂದದ್ದು ಮರುಕಪಡಲು ಅಲ್ಲ. ಲಿವರಿಗೆ ವಿಷವಾಗುತ್ತದೆಂದು ನಿಮಗೆ ಗೊತ್ತಿರಲಿಲ್ಲ, ಒಪ್ಪಿದೆ. ನಿಮ್ಮ ಪುಡಿ ತಿನ್ನುವವನು ಕುಡಿದರೆ ವಾಂತಿಯಾಗಲೇಬೇಕು ಎಂಬುದು ಗೊತ್ತಿತ್ತಲ್ಲ? ಅವನಿಗೆ ಒಮ್ಮೆಯೂ ಆಗಿಲ್ಲ ಎಂದೂ ಅವನ ಹೆಂಡತಿಯಿಂದ ಗೊತ್ತಿತ್ತು. ಆದರೂ ನನ್ನ ಕೋಣೆಗೆ ಬಂದು, ಕಣ್ಣು ನೋಡಿದರೆ ಸಾಕು, ಕುಡಿದಿದ್ದಾನೆ ಎಂದಿರಿ. ನಾನು ಕಾರಣ ಹುಡುಕಿ ಹುಡುಕಿ ಸಾಯುತ್ತಿದ್ದಾಗ ಎದುರಿಗೆ ಕೂತು ನನ್ನ ಜೊತೆ ರೊಟ್ಟಿ ತಿಂದಿರಿ. ಇಷ್ಟನ್ನೂ ಹೇಳಿದೆ. ಅವರು ಪೇಪರಿನ ಅಂಚನ್ನು ಮಡಿಸುತ್ತಾ ಕೂತರು.

ಹೋಗಲಿ, ನನ್ನ ಹೆಸರು ಯಾಕೆ ಹೇಳಿದಿರಿ ಎಂದು ಕೇಳಿದೆ.

“ನನ್ನ ಹೆಸರು ಹೇಳಿದ್ರ ಯಾರು ಹಾಕ್ತಾರ್ರಿ?”

ಊಟ ಮಾಡದೇ ಎದ್ದು ಬಂದೆ. ಬಳ್ಳಾರಿಯವರೆಗೂ ಕಾರಿನಲ್ಲಿ ಅತ್ತೆ, ಸಿಟ್ಟಿನಿಂದಲೇ ಅತ್ತೆ. ರೋಗಿಗಳು ಸುಳ್ಳು ಹೇಳಿದರೆ ನನಗೆ ನೋವಾಗುವುದಿಲ್ಲ, ಅದು ಅವರ ಕಾಯಿಲೆಯ ಭಾಗ. ಜೊತೆಗೆ ಕೂತು ಉಣ್ಣುವವರು ಸುಳ್ಳು ಹೇಳಿದ್ದನ್ನು ಇವತ್ತಿಗೂ ನುಂಗಿಕೊಳ್ಳಲು ಆಗಿಲ್ಲ.

ಮಂಗಳವಾರ ಮಹಡಿಯ ಮೇಲೆ ನಾನೇ ಹೋದೆ. ಗಂಡಸರನ್ನೂ ಹೆಂಗಸರನ್ನೂ ಒಟ್ಟಿಗೆ ಕೂರಿಸಿ ಎಲ್ಲವನ್ನೂ ಹೇಳಿದೆ. ಪುಡಿ ಹಾಕುತ್ತಿದ್ದವರು ಇವತ್ತೇ ನಿಲ್ಲಿಸಿ, ಎಲ್ಲರೂ ರಕ್ತ ಕೊಟ್ಟು ಹೋಗಿ ಎಂದೆ. ಗದ್ದಲವಾಗಲಿಲ್ಲ. ಗಂಡಂದಿರು ಒಬ್ಬೊಬ್ಬರೇ ತಮ್ಮ ಹೆಂಡತಿಯರ ಕಡೆ ತಿರುಗಿದರು, ಹೆಂಡತಿಯರು ನೆಲ ನೋಡಿದರು. ಇನ್ನಿಬ್ಬರ ವರದಿ ಕೆಟ್ಟಿತ್ತು, ಪುಡಿ ನಿಲ್ಲಿಸಿದ ಮೇಲೆ ಸರಿಹೋಯಿತು. ಸಭೆ ಮಾತ್ರ ಸರಿಹೋಗಲಿಲ್ಲ. ಮುಂದಿನ ವಾರ ಅರ್ಧ ಜನ ಬಂದರು, ಆಮೇಲೆ ಅದೂ ಇಲ್ಲ. ಅವರಲ್ಲಿ ಕೆಲವರು ಮತ್ತೆ ಶುರು ಮಾಡಿದರೆಂದು ಕೇಳಿದೆ. ಮೇಷ್ಟ್ರು ಮತ್ತೆ ಈ ಕಡೆ ಬರಲಿಲ್ಲ, ನಾನೂ ಕರೆಯಲಿಲ್ಲ.

ದೇಶನೂರಿನವನು ಬರುವುದನ್ನು ಬಿಡಲಿಲ್ಲ. ಮೊನ್ನೆಯ ತಪಾಸಣೆಯಲ್ಲಿ ಅವನ ಬಿಲಿರುಬಿನ್ ಹೆಚ್ಚುಕಡಿಮೆ ನಮ್ಮ ನಿಮ್ಮಷ್ಟೇ ಇತ್ತು. ಹೊಟ್ಟೆಯಲ್ಲಿ ನೀರಿಲ್ಲ. ಈ ಸುಗ್ಗಿಗೆ ಯಂತ್ರ ಹತ್ತಿದ್ದಾನೆ. ಇನ್ನೊಮ್ಮೆ ಕೊಳವೆ ಇಳಿಸಿ ನೋಡಿದೆ, ರಕ್ತನಾಳಗಳು ಕುಗ್ಗಿದ್ದವು. ಮುಟ್ಟಿಲ್ಲ ತಾನೇ ಎಂದೆ. ಇಲ್ಲ ಎಂದ. ಮನೆಯಲ್ಲಿ ಎಲ್ಲ ಹೇಗಿದೆ ಎಂದೆ. ಚೆನ್ನಾಗಿದೆ ಎಂದ.

ಮಧ್ಯಾಹ್ನ ಕಿಟಕಿಯ ಬಳಿ ನಿಂತಿದ್ದೆ. ಕಾಂಪೌಂಡಿನ ಬೇವಿನ ಮರದ ಕೆಳಗೆ ಇಬ್ಬರೂ ಡಬ್ಬಿ ಬಿಚ್ಚಿಕೊಂಡು ಕೂತಿದ್ದರು. ನನ್ನ ಪಕ್ಕಕ್ಕೆ ಬಂದ ನರ್ಸಮ್ಮ, ನೋಡಿ ಮೇಡಂ, ಗಂಡ ಹೆಂಡತಿ ಒಂದೇ ತಟ್ಟೆಯಲ್ಲಿ ಉಣ್ಣುತ್ತಿದ್ದಾರೆ, ಎಷ್ಟು ಬದಲಾದರು ಎಂದಳು.

ಹೆಂಡತಿ ರೊಟ್ಟಿ ಮುರಿದು, ಬೇಳೆ ಹಚ್ಚಿ, ಪಲ್ಯ ಹಚ್ಚಿ, ಪುಡಿ ಹಚ್ಚಿ, ಒಂದೊಂದನ್ನೂ ಮೊದಲು ತಾನು ತಿಂದಳು. ಅವನು ಕೈ ಮಡಿಚಿಕೊಂಡು ಕೂತಿದ್ದ. ಅವನ ಕಣ್ಣು ಆಕೆಯ ಗಂಟಲ ಮೇಲಿತ್ತು. ಆಕೆ ನುಂಗಿದ್ದು ಕಂಡ ಮೇಲೆ ರೊಟ್ಟಿಗೆ ಕೈ ಹಾಕಿದ.